ಅಮ್ಮನ ಕೈ, ಒಂದು ತಡ್ಪೆ, ಐದು ತಿಂಗಳು: ನನ್ನ ವಿಡಿಯೊ ಇನ್‌ಸ್ಟಲೇಶನ್ ಮುಗಿದ ಕಥೆ

ಕಳೆದ ವಾರ ನನ್ನ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್ ಮುಗಿಯಿತು. ಅದೊಂದು ವಿಡಿಯೊ ಇನ್‌ಸ್ಟಲೇಶನ್, ಅಂದರೆ ಕೋಣೆಯೊಳಗೆ ಹೋಗಿ ನೋಡುವ ವಿಡಿಯೊ ಕಲಾಕೃತಿ. ಪ್ರೊಜೆಕ್ಟರ್ ಬಾಡಿಗೆ ಅಂಗಡಿಗೆ ವಾಪಸ್ ಹೋಗಿದೆ. ಡೆಪಾಸಿಟ್ ಹಣ ಕೈಗೆ ಬಂದಿದೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಮಂಗಳೂರಿನಲ್ಲಿ ವಿಡಿಯೊ ಆರ್ಟ್ ಮಾಡುತ್ತೇನೆ ಅಂದರೆ ಮದುವೆ ವಿಡಿಯೊ ಅಂದುಕೊಳ್ಳುವವರೇ ಜಾಸ್ತಿ. ನಮ್ಮ ವಿಭಾಗದಲ್ಲಿ ನನಗಿಂತ ಮೊದಲು ಇಂಥದ್ದನ್ನು ಯಾರೂ ಮಾಡಿರಲಿಲ್ಲ. ಹಾಗಾಗಿ ಕೇಳಲಿಕ್ಕೆ ಸೀನಿಯರ್‌ಗಳೇ ಇರಲಿಲ್ಲ. ಮುಂದಿನ ವರ್ಷ ಮಾಡುವವರಿಗೆ ನನ್ನಷ್ಟು ನಿದ್ದೆಗೆಡುವುದು ಬೇಡ.

ನಮ್ಮ ಮನೆ ಬಜಾಲ್ ಕಡೆ. ಅಮ್ಮ ಬೀಡಿ ಕಟ್ಟುತ್ತಾರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಕತ್ತರಿ. ಹೈಸ್ಕೂಲಿನಲ್ಲಿ ನನಗೆ ಬಂದ ಸ್ಕಾಲರ್‌ಶಿಪ್ ಕೂಡ ಅಮ್ಮನ ಬೀಡಿ ಕಾರ್ಡಿನ (ಬೀಡಿ ಕಾರ್ಮಿಕರ ಗುರುತಿನ ಚೀಟಿಯ) ಮೇಲೆಯೇ ಬಂದದ್ದು. ಪ್ರಾಜೆಕ್ಟಿಗೆ ವಿಷಯ ಕೊಡಿ ಅಂದಾಗ ಬೇರೆ ಏನೂ ತಲೆಗೆ ಬರಲಿಲ್ಲ.

ಯೋಚನೆ ಇಷ್ಟು. ಕತ್ತಲೆ ಕೋಣೆ. ನೆಲದಲ್ಲಿ ಒಂದು ಚಾಪೆ. ಚಾಪೆಯ ಎದುರು ನಿಜವಾದ ತಡ್ಪೆ. ಅದರೊಳಗೆ ಮೇಲಿನಿಂದ ಅಮ್ಮನ ಕೈಗಳ ವಿಡಿಯೊ ಬೀಳುತ್ತದೆ. ನೀವು ಚಾಪೆಯ ಮೇಲೆ ಅಲುಗಾಡದೆ ಕೂತರೆ ಕೈಗಳು ಬೀಡಿ ಕಟ್ಟುತ್ತವೆ. ನೀವು ಅಲುಗಿದರೆ ನಿಲ್ಲುತ್ತವೆ.

ಅಮೆರಿಕದ ಕಂಪ್ಯೂಟರ್ ಕಲಾವಿದ ಮೈರನ್ ಕ್ರೂಗರ್ 1970ರ ದಶಕದಲ್ಲೇ 'ವಿಡಿಯೊಪ್ಲೇಸ್' ಅನ್ನುವ ಕಲಾಕೃತಿ ಮಾಡಿದ್ದರು. ನೋಡಲು ಬಂದವರ ನೆರಳು ಪರದೆಯ ಮೇಲೆ ಬೀಳುತ್ತದೆ, ಅವರು ಕೈ ಆಡಿಸಿದಂತೆ ಪರದೆ ಉತ್ತರ ಕೊಡುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಇಂಟರ್‌ಆಕ್ಟಿವ್ (ನೋಡುವವರಿಗೆ ಉತ್ತರ ಕೊಡುವ) ಕಲೆ ಅಂದರೆ ಹೆಚ್ಚಾಗಿ ಕೈ ಬೀಸಿ, ಕುಣಿಯಿರಿ, ಏನೋ ಆಗುತ್ತದೆ ಅನ್ನುವ ಥರದ್ದೇ. ಅಮ್ಮನ ಕೆಲಸ ಹಾಗಲ್ಲ. ಗಂಟೆಗಟ್ಟಲೆ ಬೆನ್ನು ಬಗ್ಗಿಸಿ ಒಂದೇ ಕಡೆ ಕೂರುವುದು. ನೋಡುವವರು ಐದು ನಿಮಿಷವಾದರೂ ಹಾಗೆ ಕೂರಲಿ ಅನ್ನುವುದೇ ನನ್ನ ಆಸೆಯಾಗಿತ್ತು. ಗೈಡ್ ಮೇಡಂ ಸಿನಾಪ್ಸಿಸ್ (ಪ್ರಾಜೆಕ್ಟಿನ ಸಾರಾಂಶ) ಓದಿ, "ಇದು ಆಗ್ತದೆ, ಆದರೆ ರೂಮ್ ಮೊದಲು ನೋಡು" ಅಂದರು. ನಾನು ರೂಮನ್ನು ಕೊನೆಗೆ ನೋಡಿದೆ. ಅದಕ್ಕೆ ಕೊಟ್ಟ ಬೆಲೆ ಮುಂದೆ ಹೇಳುತ್ತೇನೆ.

ಶೂಟಿಂಗ್ ಸುಲಭ ಅಂದುಕೊಂಡಿದ್ದೆ. ಅಮ್ಮನ ಷರತ್ತು ಒಂದೇ: "ಮುಖ ಬೇಡ ಮಗಾ, ಕೈ ಮಾತ್ರ ತೆಗಿ." ಜಗಲಿಯ ಪಕ್ಕಾಸಿಗೆ (ಛಾವಣಿಯ ಮರದ ಪಟ್ಟಿಗೆ) ಫೋನ್ ಕಟ್ಟಿ ಮೇಲಿನಿಂದ ತೆಗೆದೆ. ಮೊದಲ ದಿನದ ವಿಡಿಯೊದಲ್ಲಿ ಪೂರ್ತಿ ಪಟ್ಟಿ ಪಟ್ಟಿ ಮಿನುಗು. ಟ್ಯೂಬ್‌ಲೈಟ್ ಕೆಳಗೆ ತೆಗೆಯುವವರು ಇದನ್ನು ನೆನಪಿಡಿ: ನಮ್ಮ ಕರೆಂಟ್ 50 ಹರ್ಟ್ಸ್. ಫೋನಿನ ಕ್ಯಾಮೆರಾವನ್ನು ಮ್ಯಾನ್ಯುಯಲ್ ಮಾಡಿ, ಶಟರ್ 1/50 ಅಥವಾ 1/100 ಇಟ್ಟು, ಸೆಕೆಂಡಿಗೆ 25 ಫ್ರೇಮ್‌ನಲ್ಲಿ (25 ಬಿಡಿ ಚಿತ್ರದಂತೆ) ತೆಗೆದರೆ ಮಿನುಗು ಹೋಗುತ್ತದೆ.

ಇನ್ನೊಂದು ತೊಂದರೆಗೆ ಸೆಟ್ಟಿಂಗ್ ಇರಲಿಲ್ಲ. ಕ್ಯಾಮೆರಾ ಇದೆ ಅಂತ ಗೊತ್ತಾದ ಕೂಡಲೇ ಅಮ್ಮನ ಕೈ ನಿಧಾನವಾಯಿತು. ಒಂದೊಂದು ಎಲೆಯನ್ನೂ ಚಂದ ಮಾಡಿ ಕತ್ತರಿಸುವುದು, ನನಗೆ ಕಾಣಲಿ ಅಂತ ಬೀಡಿಯನ್ನು ಒಂದು ಕ್ಷಣ ಎತ್ತಿ ಹಿಡಿಯುವುದು. ಮೂರು ದಿನ ಹೀಗೇ ಹೋಯಿತು. ನಾಲ್ಕನೇ ದಿನ ಶನಿವಾರ. ಸಂಜೆಯೊಳಗೆ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಅಂಗಡಿಗೆ, ಕೊಡಬೇಕಿತ್ತು, ಲೆಕ್ಕಕ್ಕೆ ಇನ್ನೂ ಇನ್ನೂರು ಕಡಿಮೆ. ಅವತ್ತು ಅಮ್ಮನಿಗೆ ಕ್ಯಾಮೆರಾ ಮರೆತೇಹೋಯಿತು. ಎಡಗೈಯಲ್ಲಿ ಎಲೆ, ಬಲಗೈಯ ಮೂರು ಬೆರಳಲ್ಲಿ ಪುಡಿ, ಒಂದು ಸುತ್ತು, ತುದಿ ಮಡಚಿ ಒಳಗೆ ಒತ್ತುವುದು, ನೂಲು ಎರಡು ಸುತ್ತು, ಕಟ್. ಬೆರಳು ಎಲ್ಲಿ ಮುಗಿದು ನೂಲು ಎಲ್ಲಿ ಶುರುವಾಯಿತು ಅಂತ ಕಾಣುವುದೇ ಇಲ್ಲ. ಪ್ರದರ್ಶನದಲ್ಲಿ ಹಾಕಿದ್ದು ಆ ದಿನದ 40 ಸೆಕೆಂಡು ಮಾತ್ರ. ಆ 40 ಸೆಕೆಂಡಿನಲ್ಲಿ ಎರಡು ಬೀಡಿ ಆಗಿ ಮೂರನೆಯದಕ್ಕೆ ಎಲೆ ಕೈಗೆ ಬಂದಿತ್ತು.

ಮನೆಯವರನ್ನೇ ಶೂಟ್ ಮಾಡಿದರೂ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಅದು ಇಲ್ಲದೆ ಕಾಲೇಜಿನಲ್ಲಿ ಫೈಲ್ ತೆಗೆದುಕೊಳ್ಳಲಿಲ್ಲ. ಎಲ್ಲಿ ತೋರಿಸುತ್ತೇವೆ, ಏನು ಕಾಣುತ್ತದೆ, ಆಮೇಲೆ ಎಲ್ಲಾದರೂ ಅಪ್‌ಲೋಡ್ ಮಾಡುತ್ತೇವಾ ಇಲ್ವಾ, ಇಷ್ಟೂ ಅದರಲ್ಲಿರಬೇಕು. ಕನ್ನಡದಲ್ಲೇ ಬರೆದೆ. ಅಮ್ಮ ಎರಡು ಸಲ ಓದಿಯೇ ಸಹಿ ಹಾಕಿದರು.

ಜನವರಿಯಲ್ಲಿ ಪ್ರೋಗ್ರಾಮಿಂಗ್ ಶುರು ಮಾಡಿದೆ. ನಾನು ಬಳಸಿದ್ದು 'ಪ್ರೊಸೆಸಿಂಗ್' ಅನ್ನುವ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್. 2001ರಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಲಾವಿದರಿಗೆ, ವಿನ್ಯಾಸ ಮಾಡುವವರಿಗೆ ಅಂತಲೇ ಶುರು ಮಾಡಿದ್ದು. ಪೂರ್ತಿ ಉಚಿತ. ನನ್ನ ಹಾಗೆ ಪಿಯುಸಿಯಲ್ಲಿ ಕಾಮರ್ಸ್ ಓದಿದವರೂ ಕಲಿಯಬಹುದು. ಮೊದಲ ಪ್ರಯೋಗ ಮಾಮೂಲಿ ವೆಬ್‌ಕ್ಯಾಮ್‌ನಲ್ಲಿ. ಈಗಿನ ಫ್ರೇಮನ್ನು ಹಿಂದಿನ ಫ್ರೇಮಿನ ಜೊತೆ ಹೋಲಿಸುವುದು, ವ್ಯತ್ಯಾಸ ಜಾಸ್ತಿ ಇದ್ದರೆ ಯಾರೋ ಅಲುಗಿದ್ದಾರೆ ಅಂತ ಅರ್ಥ. ಮನೆಯಲ್ಲಿ ಲ್ಯಾಪ್‌ಟಾಪ್ ಪರದೆಯ ಮೇಲೆ ಚೆನ್ನಾಗಿಯೇ ಬಂತು. ಸ್ನೇಹಿತೆಯ ಅಣ್ಣನ ಪ್ರೊಜೆಕ್ಟರ್ ಒಂದು ಸಂಜೆಗೆ ಸಿಕ್ಕಿತು. ತಡ್ಪೆಯ ಮೇಲೆ ಬೆಳಕು ಬಿಟ್ಟೆ, ಚಾಪೆಯಲ್ಲಿ ಕೂತೆ.

ಕೈಗಳು ಒಂದು ಸಲ ನಡುಗಿ ನಿಂತವು. ಮತ್ತೆ ಶುರು, ಮತ್ತೆ ನಿಂತವು. ನಾನು ಉಸಿರು ಬಿಗಿ ಹಿಡಿದು ಕೂತರೂ ಅಷ್ಟೇ. ರಾತ್ರಿ ಹನ್ನೊಂದೂವರೆಗೆ ಕಾರಣ ಗೊತ್ತಾಯಿತು. ಕ್ಯಾಮೆರಾಕ್ಕೆ ತಡ್ಪೆಯೂ ಕಾಣುತ್ತಿತ್ತು. ಅಮ್ಮನ ಕೈ ಆಡಿದ್ದನ್ನೇ ನೋಡಿ 'ಯಾರೋ ಅಲುಗಿದರು' ಅಂತ ಅದು ವಿಡಿಯೊ ನಿಲ್ಲಿಸುತ್ತಿತ್ತು. ನಿಂತ ಮೇಲೆ ಅಲುಗಾಟ ಇಲ್ಲ, ಹಾಗಾಗಿ ಪುನಃ ಶುರು. ತಡ್ಪೆಯ ಭಾಗವನ್ನು ಲೆಕ್ಕದಿಂದ ಬಿಟ್ಟು ನೋಡಿದೆ. ಆದರೆ ಪ್ರೊಜೆಕ್ಟರಿನ ಬೆಳಕು ಕೂತವರ ಮುಖ, ಅಂಗಿಯ ಮೇಲೂ ಹೊಳೆಯುತ್ತದಲ್ಲ, ಅದೂ ಸಾಕಾಗುತ್ತಿತ್ತು ಅದಕ್ಕೆ. ಪ್ರೊಜೆಕ್ಟರ್ ಮತ್ತು ಮಾಮೂಲಿ ಕ್ಯಾಮೆರಾ ಒಂದೇ ಕತ್ತಲೆ ಕೋಣೆಯಲ್ಲಿದ್ದರೆ ಈ ತೊಂದರೆ ಬಂದೇ ಬರುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ ನೋಡುವ ಕ್ಯಾಮೆರಾ ಬೇಕು, ಅಂದರೆ ಇನ್‌ಫ್ರಾರೆಡ್.

ಹೀಗೆ ಕಿನೆಕ್ಟ್ ಹುಡುಕಲು ಹೊರಟೆ. ಇದು 2010ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಡಿಯೊ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ರ ಆಟಗಳಿಗಾಗಿ ಬಿಟ್ಟ ಕ್ಯಾಮೆರಾ. ಕೋಣೆಯ ತುಂಬ ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ, ಆ ಚುಕ್ಕೆಗಳು ಎಲ್ಲೆಲ್ಲಿ ಸರಿದಿವೆ ಅಂತ ನೋಡಿ ದೂರ ಅಳೆಯುತ್ತದೆ. ಕತ್ತಲೆಯಲ್ಲೂ ಕಾಣುತ್ತದೆ, ಪ್ರೊಜೆಕ್ಟರಿನ ಬೆಳಕು ಲೆಕ್ಕಕ್ಕೇ ಬರುವುದಿಲ್ಲ. 2017ರಲ್ಲಿ ತಯಾರಿಕೆ ನಿಂತಿದೆ, ಹಾಗಾಗಿ ಈಗ ಸೆಕೆಂಡ್ ಹ್ಯಾಂಡೇ ಗತಿ. ಹಂಪನಕಟ್ಟೆಯಲ್ಲಿ ಅರ್ಧ ದಿನ ತಿರುಗಿದೆ, ಸಿಗಲಿಲ್ಲ. ಬೆಂಗಳೂರಿನಿಂದ ಒಬ್ಬರು 1,800 ರೂಪಾಯಿಗೆ ಕೊರಿಯರ್ ಮಾಡಿದರು.

ಬಾಕ್ಸ್ ಬಿಚ್ಚಿದ ಖುಷಿ ಹತ್ತು ನಿಮಿಷ. ಅದರ ಪಿನ್ ಲ್ಯಾಪ್‌ಟಾಪಿಗೆ ಹೋಗುವುದಿಲ್ಲ. ಎಕ್ಸ್‌ಬಾಕ್ಸಿಗೆ ಮಾತ್ರ ಸೇರುವ ಪಿನ್ ಅದು, ಜೊತೆಗೆ 12 ವೋಲ್ಟ್ ಬೇರೆ ಬೇಕು. ಅಡಾಪ್ಟರಿಗೆ ಇನ್ನೂ 850 ರೂಪಾಯಿ, ಇನ್ನೂ ಒಂಬತ್ತು ದಿನ ಕಾಯುವುದು. ನೀವು ಕೊಳ್ಳುವಾಗ ಅಡಾಪ್ಟರ್ ಜೊತೆಗೇ ಉಂಟಾ ಅಂತ ಮೊದಲು ಕೇಳಿ. ತಳದಲ್ಲಿ ಬರೆದ ಮಾಡೆಲ್ ನಂಬರ್ 1414 ಇದ್ದರೆ ಒಳ್ಳೆಯದು, 1473 ಆದರೆ ಪ್ರೊಸೆಸಿಂಗ್ ಜೊತೆ ತಕರಾರು ಜಾಸ್ತಿ. ವಿಂಡೋಸ್ ಆದರೆ 'ಜಾಡಿಗ್' ಅನ್ನುವ ಸಣ್ಣ ಸಾಫ್ಟ್‌ವೇರ್ ಹಾಕಿ ಡ್ರೈವರ್ ಬದಲಿಸಬೇಕು. ಯುಎಸ್‌ಬಿ ಹಬ್‌ಗೆ ಚುಚ್ಚಬೇಡಿ, ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಹಬ್‌ನಲ್ಲಿ ಚಿತ್ರ ಬಂದು ಬಂದು ಹೋಗುತ್ತದೆ. ಇದು ಗೊತ್ತಾಗಲಿಕ್ಕೆ ನನಗೆ ಎರಡು ರಾತ್ರಿ ಹಿಡಿಯಿತು.

ಮೊದಲು ಕಿನೆಕ್ಟನ್ನು ತಡ್ಪೆಯ ಹತ್ತಿರವೇ ಒಂದು ಮಣೆಯ ಮೇಲಿಟ್ಟೆ. ಯಾರು ಕೂತರೂ ಅದಕ್ಕೆ ಕಾಣಲೇ ಇಲ್ಲ. ಅಂಕಿ ನೋಡಿದರೆ ಎಲ್ಲ ಕಡೆ 2047. ಕಿನೆಕ್ಟಿನ ಲೆಕ್ಕದಲ್ಲಿ 2047 ಅಂದರೆ ದೂರ ಗೊತ್ತಾಗುತ್ತಿಲ್ಲ ಅಂತ. ತೀರಾ ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ, ಮುಕ್ಕಾಲು ಮೀಟರಿಗಿಂತ ಹೆಚ್ಚು ದೂರ ಬೇಕು. ಮಾಡಿನ (ಛಾವಣಿಯ) ಹತ್ತಿರ, ಚಾಪೆಯಿಂದ ಎರಡೂವರೆ ಮೀಟರ್ ಮೇಲೆ ಕಟ್ಟಿದೆ. ಆಗ ಸರಿಯಾಯಿತು.

ಕಾಗದಪತ್ರದ ಕೆಲಸ ಫೆಬ್ರವರಿಯಲ್ಲಿ. ಕಾಲೇಜಿನ ಹಿಂದಿರುವ ಹಳೆಯ ಸ್ಟೋರ್ ರೂಮ್ ಮೂರು ದಿನಕ್ಕೆ ಬೇಕು ಅಂತ ಪ್ರಿನ್ಸಿಪಾಲರಿಗೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಮೂಲಕ ಪತ್ರ ಕೊಟ್ಟೆ. ಹನ್ನೊಂದು ದಿನದ ಮೇಲೆ ವಾಪಸ್ ಬಂತು. ಎರಡು ಆಕ್ಷೇಪ. ಮಾಡಿಗೆ ಭಾರ ತೂಗುಹಾಕುವುದಾದರೆ ಕಾಲೇಜಿನ ಎಲೆಕ್ಟ್ರಿಷಿಯನ್ ನೋಡಿ ಸಹಿ ಮಾಡಬೇಕು. ಎರಡನೆಯದು ನಾನು ಯೋಚಿಸಿಯೇ ಇರದ ವಿಷಯ: ಬೀಡಿ ಅಂದರೆ ತಂಬಾಕು, ಕ್ಯಾಂಪಸ್ಸಿನ ಒಳಗೆ ತರುವುದು ಹೇಗೆ? ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನು ಇದೆ. ನಾನು ಮಾರುತ್ತಿಲ್ಲ ನಿಜ. ಆದರೂ ಕ್ಲರ್ಕಿನ ಪ್ರಶ್ನೆ ತಪ್ಪಲ್ಲ ಅನಿಸಿತು. ತಡ್ಪೆಯ ಪಕ್ಕ ಬರೀ ಬೀಡಿ ಎಲೆ ಇಡುತ್ತೇನೆ, ಹೊಗೆಸೊಪ್ಪು ತರುವುದಿಲ್ಲ, ಜಾಹೀರಾತು ಯಾವುದೂ ಇಲ್ಲ ಅಂತ ಬೇರೆ ಪತ್ರ ಬರೆದುಕೊಟ್ಟೆ. ಇನ್ನೊಂದು ವಾರಕ್ಕೆ ಅನುಮತಿ ಸಿಕ್ಕಿತು. ನಿಮ್ಮ ವಿಷಯದಲ್ಲಿ ಬೆಂಕಿ, ನೀರು, ಔಷಧಿ, ತಂಬಾಕು ಏನಿದ್ದರೂ ಮೊದಲ ಪತ್ರದಲ್ಲೇ ಬರೆದುಬಿಡಿ. ಎಷ್ಟೋ ದಿನ ಉಳಿಯುತ್ತದೆ.

ಪ್ರೊಜೆಕ್ಟರಿಗೆ ದಿನಕ್ಕೆ 900 ರೂಪಾಯಿ ಬಾಡಿಗೆ, 5,000 ಡೆಪಾಸಿಟ್. ಅದನ್ನು ನೇರ ಕೆಳಗೆ ಮುಖ ಮಾಡಿ ತೂಗುಹಾಕುತ್ತೇನೆ ಅಂದಾಗ ಅಂಗಡಿಯವರು ಒಪ್ಪಲಿಲ್ಲ. ಲ್ಯಾಂಪ್ ಇರುವ ಪ್ರೊಜೆಕ್ಟರನ್ನು ಹಾಗೆ ಇಟ್ಟರೆ ಬಿಸಿ ಹೊರಗೆ ಹೋಗುವುದಿಲ್ಲ, ಲ್ಯಾಂಪ್ ಹಾಳಾಗುತ್ತದೆ. ಹಾಗಾಗಿ ಪ್ರೊಜೆಕ್ಟರನ್ನು ಅಟ್ಟದ ಮೇಲೆ ಅಡ್ಡಕ್ಕೇ ಇಟ್ಟು, ಎದುರು 45 ಡಿಗ್ರಿಗೆ ಕನ್ನಡಿ ಕಟ್ಟಿ ಬೆಳಕನ್ನು ಕೆಳಗೆ ತಿರುಗಿಸಿದೆ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ. ಪ್ರೊಜೆಕ್ಟರಿನ ಮೆನುವಿನಲ್ಲಿ 'ರಿಯರ್' ಅಂತ ಇರುತ್ತದೆ, ಅದನ್ನು ಒತ್ತಿದರೆ ಸರಿಹೋಗುತ್ತದೆ.

ಆದರೆ ಒಂದು ವಿಚಿತ್ರ ಕಂಡಿತು. ತಡ್ಪೆಯಲ್ಲಿ ಪ್ರತಿ ನೂಲೂ ಎರಡೆರಡು. ಒಂದು ಗಟ್ಟಿ ಗೆರೆ, ಅದರ ಪಕ್ಕ ಒಂದು ಮಸುಕು ಗೆರೆ. ಫೋಕಸ್ ಎಷ್ಟು ತಿರುಗಿಸಿದರೂ ಹೋಗಲಿಲ್ಲ. ಗಾಜಿನ ಅಂಗಡಿಯವರೇ ಕಾರಣ ಹೇಳಿದ್ದು. ಮಾಮೂಲಿ ಕನ್ನಡಿಗೆ ಹೊಳೆಯುವ ಲೇಪ ಇರುವುದು ಹಿಂಭಾಗದಲ್ಲಿ. ಬೆಳಕು ಮುಂದಿನ ಗಾಜಿಗೂ ಸ್ವಲ್ಪ ತಾಗಿ ತಿರುಗುತ್ತದೆ, ಹಿಂದಿನ ಲೇಪಕ್ಕೂ ತಾಗಿ ತಿರುಗುತ್ತದೆ. ಗಾಜು ದಪ್ಪ ಇದ್ದಷ್ಟೂ ಎರಡು ಗೆರೆಗಳ ನಡುವೆ ದೂರ ಜಾಸ್ತಿ. ನನ್ನದು 5 ಎಂಎಂ ಇತ್ತು. 2 ಎಂಎಂ ಕನ್ನಡಿ ಕತ್ತರಿಸಿ ಕೊಟ್ಟರು, 320 ರೂಪಾಯಿ. ಎರಡು ಗೆರೆ ಹೆಚ್ಚುಕಡಿಮೆ ಒಂದಾಯಿತು.

ತಡ್ಪೆಯ ಬಣ್ಣವೂ ಬೆಳಕು ನುಂಗುತ್ತಿತ್ತು. ಬಿಳಿ ಪೇಂಟ್ ಹೊಡೆಯೋಣ ಅಂದೆ. ಅಮ್ಮನಿಗೆ ಇಷ್ಟವಾಗಲಿಲ್ಲ. "ಸುಣ್ಣ ಹಚ್ಚು, ಬೇಕಾದ್ರೆ ತೊಳಿಲಿಕ್ಕೆ ಆಗ್ತದೆ" ಅಂದು ತಾವೇ ಎರಡು ಸಲ ತೆಳ್ಳಗೆ ಹಚ್ಚಿಕೊಟ್ಟರು. ಹೆಣಿಗೆ ಕಾಣುವಷ್ಟು ತೆಳು, ಬೆಳಕು ಹಿಡಿಯುವಷ್ಟು ಬಿಳಿ. ನಾನು ತಂದ ಯಾವ ಪರದೆ ಬಟ್ಟೆಯಲ್ಲೂ ಕೈಗಳು ಅಷ್ಟು ಚಂದ ಕಂಡಿರಲಿಲ್ಲ.

ಏಪ್ರಿಲ್‌ನಲ್ಲಿ ಸ್ಟೋರ್ ರೂಮಿಗೆ ಎಲ್ಲ ಸಾಮಾನು ಹೊತ್ತೆವು. ಸಂಜೆ ಕಟ್ಟಿದೆವು, ರಾತ್ರಿ ಎಂಟರ ತನಕ ಪರೀಕ್ಷೆ, ಎಲ್ಲ ಸರಿ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಬಂದು ಕೂತರು. ಕೈಗಳು ಶುರುವಾಗಲೇ ಇಲ್ಲ. ಲ್ಯಾಪ್‌ಟಾಪ್ ಪರದೆಯ ಮೇಲೆ ಚಾಪೆಯ ನಡುವೆ ದೊಡ್ಡ ಕಪ್ಪು ತೂತು, ಅಂಕಿ ಪುನಃ 2047.

ತಲೆ ಎತ್ತಿ ನೋಡಿದರೆ ಗಾಜಿನ ಹಂಚು. ನಮ್ಮೂರ ಹಂಚಿನ ಮಾಡು ಎಲ್ಲರಿಗೂ ಗೊತ್ತಲ್ವಾ, 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯವರು ಇಲ್ಲಿ ಕಾರ್ಖಾನೆ ಹಾಕಿದಲ್ಲಿಂದ ಬಂದ ಹಂಚು. ಬೆಳಕಿಗೆ ಅಂತ ನಡುನಡುವೆ ಒಂದೆರಡು ಗಾಜಿನ ಹಂಚು ಇರುತ್ತದೆ. ಆ ಹಂಚಿನಿಂದ ಬಿಸಿಲಿನ ಒಂದು ಕೋಲು ನೇರ ಚಾಪೆಯ ಮೇಲೆ. ಬಿಸಿಲಿನಲ್ಲಿರುವ ಇನ್‌ಫ್ರಾರೆಡ್ ಮುಂದೆ ಕಿನೆಕ್ಟಿನ ಚುಕ್ಕೆಗಳು ಲೆಕ್ಕಕ್ಕಿಲ್ಲ. ಸಂಜೆ ಪರೀಕ್ಷೆ ಮಾಡಿದಾಗ ಬಿಸಿಲೇ ಇರಲಿಲ್ಲ, ನನಗೆ ಗೊತ್ತಾಗಲೂ ಇಲ್ಲ. ಮೇಡಂ ಏನೂ ಬೈಯಲಿಲ್ಲ. "ಡಿಸೆಂಬರಿನಲ್ಲೇ ಹೇಳಿದ್ದೆ ಅಲ್ವಾ" ಅಂದರು. ಅವತ್ತು ಬಸ್ಸಿನಲ್ಲಿ ಅಳು ಬಂತು.

ಮಾರನೇ ದಿನ 12 ಮೀಟರ್ ಕಪ್ಪು ಬಟ್ಟೆ ತಂದೆ, 540 ರೂಪಾಯಿ. ಎಲೆಕ್ಟ್ರಿಷಿಯನ್ ಅಣ್ಣ ಏಣಿ ಹತ್ತಿ ಒಳಗಿನಿಂದ ಬಟ್ಟೆಯನ್ನು ಎರಡು ಪದರ ಮಾಡಿ ಕಟ್ಟಿಕೊಟ್ಟರು. ಎಷ್ಟು ಒತ್ತಾಯ ಮಾಡಿದರೂ ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ದಯವಿಟ್ಟು ನಿಮ್ಮ ಕೋಣೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಹೋಗಿ ನೋಡಿ. ಏನೂ ಖರೀದಿ ಮಾಡುವ ಮೊದಲೇ ನೋಡಿ.

ಬಟ್ಟೆ ಕಟ್ಟಿದ ಮೇಲೆ ಸೆಕೆ. ಏಪ್ರಿಲ್ ತಿಂಗಳ ಮಂಗಳೂರು, ಕಿಟಕಿ ಮುಚ್ಚಿದ ಕೋಣೆ. ಫ್ಯಾನ್ ಹಾಕಿದರೆ ಕೂತವರ ಸೆರಗು, ದುಪಟ್ಟಾ ಹಾರಿ, ಅದನ್ನೇ ಅಲುಗಾಟ ಅಂತ ತಿಳಿದು ವಿಡಿಯೊ ನಿಲ್ಲುತ್ತಿತ್ತು. ಫ್ಯಾನ್ ನಿಲ್ಲಿಸಿದರೆ ಯಾರೂ ಎರಡು ನಿಮಿಷ ಕೂರಲಾರರು. ಕೊನೆಗೆ ಇಡೀ ದೇಹವನ್ನು ನೋಡುವುದೇ ಬಿಟ್ಟೆ. ಮಡಿಲಿನ ಜಾಗ, ಅಂದರೆ ಕೈ ಇರುವ ಒಂದು ಚೌಕವನ್ನು ಮಾತ್ರ ನೋಡುವ ಹಾಗೆ ಬರೆದೆ. ಅಲ್ಲಿ ನಾಲ್ಕು ಸೆಕೆಂಡ್ ಅಲುಗಾಟ ಇಲ್ಲದಿದ್ದರೆ ಅಮ್ಮನ ಕೈ ಶುರುವಾಗುತ್ತದೆ. ತಾಪತ್ರಯ ತಪ್ಪಿಸಲು ಮಾಡಿದ ಬದಲಾವಣೆ ಇದು. ಆದರೆ ಕೈ ನಿಂತರೆ ಕೈ ಕೆಲಸ ಮಾಡುತ್ತದೆ ಅನ್ನುವುದು ನಾನು ಮೊದಲು ಬರೆದ ಸಿನಾಪ್ಸಿಸ್‌ಗಿಂತ ಎಷ್ಟೋ ಸರಿಯಾಗಿತ್ತು.

ವಿಡಿಯೊ ನಿಲ್ಲುವುದು, ಶುರುವಾಗುವುದು ಜರ್ಕ್ ಹೊಡೆಯುತ್ತಿತ್ತು. ಮೆಲ್ಲ ನಿಧಾನವಾಗಿ ನಿಲ್ಲಬೇಕು ಅಂದರೆ ಎಂಪಿ4 ಫೈಲ್ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಎಲ್ಲ ಫ್ರೇಮೂ ಪೂರ್ತಿ ಇರುವುದಿಲ್ಲ, ಹಿಂದಿನದರಿಂದ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ಹಾಗಾಗಿ 40 ಸೆಕೆಂಡನ್ನು ಬಿಡಿ ಚಿತ್ರಗಳನ್ನಾಗಿ ಒಡೆದೆ. ಸೆಕೆಂಡಿಗೆ 25ರಂತೆ ಸರಿಯಾಗಿ 1000 ಚಿತ್ರ. ಆ ಅಂಕಿ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬೀಡಿ ಕಟ್ಟುವ ಕೂಲಿಯ ಲೆಕ್ಕವೂ ಸಾವಿರಕ್ಕೆ ಇಷ್ಟು ಅಂತಲೇ ಅಲ್ವಾ. 1280×720ರಲ್ಲಿ ಅಷ್ಟೂ ಮೆಮೊರಿಗೆ ಹಾಕಿದರೆ 3.7 ಜಿಬಿ, ನನ್ನ 8 ಜಿಬಿ ಲ್ಯಾಪ್‌ಟಾಪ್ ನಿಂತೇಹೋಯಿತು. ತಡ್ಪೆಯ ಮೇಲೆ ಬೀಳುವುದು ಹೇಗೂ ಸುಮಾರು 480 ಪಿಕ್ಸೆಲ್ ಅಗಲ ಮಾತ್ರ. 600×600ಕ್ಕೆ ಇಳಿಸಿದೆ, ಒಂದೂವರೆ ಜಿಬಿಯಲ್ಲಿ ಮುಗಿಯಿತು. ಪ್ರೊಸೆಸಿಂಗ್‌ನ ಪ್ರಿಫರೆನ್ಸ್‌ನಲ್ಲಿ ಮೆಮೊರಿ ಮಿತಿ ಹೆಚ್ಚಿಸಲು ಮರೆಯಬೇಡಿ.

ಪ್ರದರ್ಶನ ಮೇ ಮೊದಲ ವಾರ, ಮೂರು ದಿನ. ಮೊದಲ ದಿನ ಸಂಜೆ ಗುಡುಗು ಸಿಡಿಲು, ಕರೆಂಟ್ ಎರಡು ಸಲ ಹೋಯಿತು. ಪ್ರೊಜೆಕ್ಟರ್ ಹಾಗೆ ತಟ್ಟನೆ ಆರಿದರೆ ತಣಿಯಲು ಬಿಡಬೇಕು, ಕೂಡಲೇ ಹಾಕಬಾರದು. ಹತ್ತು ನಿಮಿಷ ಕಾಯುವಾಗ ಹುಡುಗರು ಕತ್ತಲೆಯಲ್ಲೇ ಚಾಪೆ ಬಿಟ್ಟು ಏಳಲಿಲ್ಲ, ಅದೊಂದು ಸಮಾಧಾನ. ಎರಡನೇ ದಿನ ಕ್ಯಾಂಟೀನಿನ ಅಕ್ಕ ಬಂದರು. ಅವರಮ್ಮನೂ ಬೀಡಿ ಕಟ್ಟುತ್ತಿದ್ದರಂತೆ. ಕಾಲು ಗಂಟೆ ಕೂತು, ಏನೂ ಹೇಳದೆ ಎದ್ದು ಹೋದರು.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಕಿನೆಕ್ಟ್, ಅಡಾಪ್ಟರ್, ಕನ್ನಡಿ, ಬಟ್ಟೆ, ಪರೀಕ್ಷೆಯ ದಿನವೂ ಸೇರಿ ನಾಲ್ಕು ದಿನದ ಪ್ರೊಜೆಕ್ಟರ್ ಬಾಡಿಗೆ, ವಯರು ಕ್ಲ್ಯಾಂಪಿಗೆ 760, ಪ್ರಿಂಟು ಬೈಂಡಿಂಗಿಗೆ 400, ಒಟ್ಟು 8,270 ರೂಪಾಯಿ. ಡೆಪಾಸಿಟ್ ಇದರಲ್ಲಿ ಸೇರಿಲ್ಲ.

ಅಮ್ಮ ಬಂದದ್ದು ಮೂರನೇ ದಿನ ಮಧ್ಯಾಹ್ನ. ಚಾಪೆ ನೋಡಿ ಸೀರೆ ಸರಿಮಾಡಿಕೊಂಡು, ದಿನಾ ಕೂರುವ ಹಾಗೆಯೇ ಕೂತರು. ನಾಲ್ಕು ಸೆಕೆಂಡ್. ತಡ್ಪೆಯಲ್ಲಿ ಅವರದೇ ಕೈಗಳು ಎಲೆ ಎತ್ತಿಕೊಂಡವು. ಮರುಕ್ಷಣವೇ ನಿಂತವು. ಮತ್ತೆ ಶುರುವಾಗಿ ಮತ್ತೆ ನಿಂತವು. ಹಳೆಯ ತೊಂದರೆಯೇ ಬಂತಾ ಅಂತ ನನ್ನ ಎದೆ ಹೊಡೆದುಕೊಂಡಿತು. ಹತ್ತಿರ ಹೋಗಿ ಬಗ್ಗಿ ನೋಡಿದೆ. ತಡ್ಪೆಯ ಕೈ ಎಲೆ ಹಿಡಿದ ಕೂಡಲೇ ಅಮ್ಮನ ಮಡಿಲಲ್ಲಿ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉರುಳುತ್ತಿತ್ತು. ಎಲೆಯಿಲ್ಲ, ಪುಡಿಯಿಲ್ಲ. ಬರೀ ಬೆರಳು.

"ಎಂತ, ಹಾಳಾಯ್ತಾ?" ಅಂತ ಕೇಳಿದರು.

"ಇಲ್ಲಮ್ಮ. ಕೈ ಆಡಿಸಬಾರದು."

"ನಾನೆಲ್ಲಿ ಆಡಿಸಿದೆ?"

ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ಆಗ ವಿಡಿಯೊ ಪೂರ್ತಿ ಓಡಿತು. ಎರಡು ಸುತ್ತು ನೋಡಿದರು. ಆಮೇಲೆ ಗದ್ದ ಮುಂದೆ ಮಾಡಿ ತಡ್ಪೆಯ ಒಂದು ಕಡೆ ತೋರಿಸಿದರು. "ಆ ಎರಡನೇದಕ್ಕೆ ನೂಲು ಸಡಿಲ ಉಂಟು. ಬ್ರಾಂಚಿನಲ್ಲಿ ತೆಗೆದು ಬಿಸಾಡ್ತಾರೆ."

ಸಂಜೆ ಎಲ್ಲ ಬಿಚ್ಚಿ ಕಟ್ಟುವಾಗ ಅಮ್ಮ ತಡ್ಪೆಯನ್ನು ತಾವೇ ಎತ್ತಿಕೊಂಡರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟು ಉಗುರಿನಿಂದ ಸುಣ್ಣ ಕೆರೆದು ನೋಡಿದರು. ಎರಡು ದಿನ ನೀರಿನಲ್ಲಿ ಹಾಕಿಟ್ಟರೆ ಹೋಗ್ತದೆ, ಸೋಮವಾರಕ್ಕೆ ಬೇಕು ಅಂದರು.